ಗುಣವೋ? ರೋಗವೋ? ತಾನೇ ಗೇರ್ ಹಾಕೋ ಗಾಡಿಯಲ್ಲಿ ರಾಯಚೂರು, ದೇವದುರ್ಗ, ಮಾನ್ವಿ

ಸಿನಿಮಾದಲ್ಲಿ ನೀವೂ ನೋಡಿದ್ದೀರಿ. ವಿಲನ್ನಿನ ಗಾಡಿ ಮುಂದೆ, ಹೀರೋ ಗಾಡಿ ಹಿಂದೆ. ಹೀರೋ ಹಲ್ಲು ಕಚ್ಚಿ ಗೇರ್ ಹಾಕುತ್ತಾನೆ. ಕ್ಯಾಮೆರಾ ಒಮ್ಮೆ ಕೈ ಮೇಲೆ, ಒಮ್ಮೆ ಕಾಲಿನ ಮೇಲೆ. ಮತ್ತೊಂದು ಗೇರ್! ಮಗದೊಂದು ಗೇರ್! ನಾನೊಮ್ಮೆ ಕೂತು ಎಣಿಸಿದೆ. ಒಂದೇ ಚೇಸಿಂಗಿನಲ್ಲಿ ಹನ್ನೊಂದು ಸಲ ಗೇರ್ ಏರಿತು. ಗಾಡಿಗೆ ಇದ್ದದ್ದೇ ನಾಲ್ಕು! ಉಳಿದ ಏಳು ಎಡಿಟಿಂಗ್ ಟೇಬಲ್ಲಿನ ಗೇರುಗಳು ಸ್ವಾಮಿ.

ಸರಿ, ಕೈಯೇ ಹಾಕದೆ ಗೇರ್ ಬೀಳುವ ಗಾಡಿ ಕೊಟ್ಟರೆ ಆ ಹೀರೋ ಏನು ಮಾಡಬೇಕು? ಪಾಪ, ಸುಮ್ಮನೆ ಸ್ಟೇರಿಂಗ್ ಹಿಡಿದು ಕೂರಬೇಕು. ಗಾಡಿ ಕೆಟ್ಟರೆ ಬೈಗುಳ ಯಾರಿಗೆ? ಅದೂ ಅವನಿಗೇ!

ನಮ್ಮ ಮಾವನಿಗೆ ಆದದ್ದು ಇದೇ.

ಮಾವ ಅಂದರೆ ನನ್ನ ತಾಯಿಯ ತಮ್ಮ. ರಾಯಚೂರಿನಲ್ಲಿ ಮೂವತ್ತು ವರ್ಷದಿಂದ ಸ್ಟೇರಿಂಗ್ ಹಿಡಿದ ಮನುಷ್ಯ. ಹತ್ತಿ ಲಾರಿ, ಜೀಪು, ಮದುವೆ ದಿಬ್ಬಣದ ಗಾಡಿ, ಎಲ್ಲಾ ಓಡಿಸಿ ಈಗ ಒಬ್ಬ ಸಾವ್ಕಾರರ ಹತ್ತಿರ ಕೆಲಸ. ಸಾವ್ಕಾರರಿಗೆ ಮಾನ್ವಿ ಕಡೆ ಗದ್ದೆ, ದೇವದುರ್ಗದ ಕಡೆ ಹೊಲ. ಅವರು ಎರಡನೇ ಕೈಯಲ್ಲಿ ಕೊಂಡ ಹಳೇ ಜಪಾನಿ ಗಾಡಿಯೊಂದಿದೆ. ಫೋರ್ ವೀಲ್ ಡ್ರೈವ್, ಡೀಸೆಲ್ ಎಂಜಿನ್, ನಾಲ್ಕು ಗೇರಿನ ಆಟೊಮ್ಯಾಟಿಕ್. ಕಂಪ್ಯೂಟರ್ ಅಲ್ಲ, ಒಳಗಿನ ಎಣ್ಣೆಯ ಒತ್ತಡವೇ ಗೇರ್ ಬದಲಿಸುವ ಹಳೇ ಪದ್ಧತಿ.

ಎರಡು ತಿಂಗಳಿಂದ ಗಾಡಿ ಜಾರುತ್ತಿತ್ತು. ಎಂಜಿನ್ ಕೂಗುತ್ತದೆ, ಗಾಡಿ ಏಳುವುದಿಲ್ಲ. ದೊಡ್ಡ ಊರಿನ ಒಂದು ಗ್ಯಾರೇಜಿನವರು ಬಾನೆಟ್ ಕೂಡ ಎತ್ತದೆ, “ಗೇರ್‌ಬಾಕ್ಸ್ ಪೂರಾ ಇಳಿಸಬೇಕು, ಲಕ್ಷದ ಮೇಲೆ ಆಗ್ತದೆ. ಓಡಿಸೋನು ಸರಿಯಿಲ್ಲದಿದ್ದರೆ ಹೀಗೇ ಆಗೋದು” ಎಂದುಬಿಟ್ಟರು.

ಆ ಕೊನೆಯ ಮಾತು ಸಾವ್ಕಾರರ ಕಿವಿಗೆ ಚೆನ್ನಾಗಿ ಬಿತ್ತು. ಸೋಮವಾರದ ತನಕ ಟೈಮು. ಆಮೇಲೆ ಬೇರೆ ಡ್ರೈವರ್.

ಮಾವ ನನ್ನ ಹತ್ತಿರ ಬಂದು ಹೇಳಿದ್ದು ಇಷ್ಟೇ: “ಅಳಿಯಾ, ನೀ ಪೇಪರ್‌ಗೆ ಬರೆಯಾಂವ. ನಾ ಓಡಿಸ್ತೀನಿ, ನೀ ಬಾಜೂಕ ಕುಂತು ಗಾಡಿ ಏನೇನ್ ಮಾಡ್ತೈತಿ ಎಲ್ಲಾ ಬರಕೋ. ಏನ್ ಅದರ ಗುಣ, ಏನ್ ಅದರ ರೋಗ, ತಿಳೀಲಿ. ತಪ್ಪು ನಂದೇ ಇದ್ರ ಕೆಲಸ ಬಿಡ್ತೀನಿ.”

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ಆದರೆ ಥೇಟರಿನಲ್ಲಿ ಕಣ್ಣು ಮುಚ್ಚಿ ಕೂತು, ಜೀಪಿನ ಸೌಂಡು ಜೀಪಿನದೋ ಲಾರಿಯದೋ ಹೇಳಬಲ್ಲೆ. ನೋಟ್‌ಬುಕ್ಕು ಹಿಡಿದು ಹತ್ತಿದೆ.

* * *

ಕೋಟೆಯ ಕಲ್ಲು ಹೇಳಿದ ಪಾಠ

ಜೂನ್ ತಿಂಗಳು. ಕಾರಹುಣ್ಣಿಮೆ ಮುಗಿದು ನಾಲ್ಕು ದಿನ. ಎರಡು ಮಳೆ ಬಿದ್ದಿದ್ದರೂ ರಾಯಚೂರಿನ ಬಿಸಿಲು ಹಟ ಬಿಟ್ಟಿರಲಿಲ್ಲ. ಬೆಳಿಗ್ಗೆ ಆರಕ್ಕೇ ಕೋಟೆ ಹತ್ತಿರ ಗಾಡಿ ನಿಲ್ಲಿಸಿ ಚಹಾ ಕುಡಿದೆವು.

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ನೇ ಇಸವಿಯ, ಕಾಕತೀಯರ ಕಾಲದ ತೆಲುಗು ಶಾಸನ. ಬಸ್ ಸ್ಟ್ಯಾಂಡಿಗೆ ಬಂದವರು ಅರ್ಧ ಗಂಟೆ ಬಿಡುವು ಮಾಡಿಕೊಂಡು ಹೋಗಿ ನೋಡಿ. ಶಾಸನದ ಪಕ್ಕ ಒಂದು ಚಿತ್ರ ಕೆತ್ತಿದ್ದಾರೆ. ಆ ಕಲ್ಲನ್ನು ಬಂಡಿ ಮೇಲೆ ಹೇರಿ ತಂದ ಬಗೆ! ಮುಂದೆ ಕೋಣಗಳ ಉದ್ದ ಸಾಲು, ಹಿಂದೆ ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುವ ಜನ.

ಪಿಯುಸಿಯಲ್ಲಿ ಫಿಜಿಕ್ಸ್ ಮೇಷ್ಟ್ರು ಹೇಳಿದ ಟಾರ್ಕು ನನ್ನ ತಲೆಗೆ ಹತ್ತಿರಲಿಲ್ಲ. ಈ ಕಲ್ಲಿನ ಮುಂದೆ ಹತ್ತಿತು. ನಿಂತ ಭಾರ ಮೊದಲು ಅಲುಗಬೇಕಾದರೆ ಸನ್ನೆಗೋಲು ಬೇಕು. ಬಲ ಹೆಚ್ಚು, ದೂರ ಕಡಿಮೆ. ಅದೇ ಒಂದನೇ ಗೇರು. ಗಾಲಿ ಉರುಳತೊಡಗಿದ ಮೇಲೆ ಸನ್ನೆಗೋಲು ಬೇಡ, ಕೋಣಗಳ ನಡಿಗೆಯೇ ಸಾಕು. ಅದು ಮೇಲಿನ ಗೇರು. ಸನ್ನೆಗೋಲು ಯಾವಾಗ ತೆಗೆಯಬೇಕು, ಯಾವಾಗ ಮತ್ತೆ ಕೊಡಬೇಕು ಅಂತ ಒಬ್ಬ ಮೇಸ್ತ್ರಿ ಕೂಗಿ ಹೇಳಿರಬೇಕಲ್ಲ? ಆ ಮೇಸ್ತ್ರಿಯನ್ನು ಗಾಡಿ ಒಳಗೇ ಕೂರಿಸಿದರೆ ಅದೇ ಆಟೊಮ್ಯಾಟಿಕ್!

ಕೂರಿಸಿದ್ದು ಅಮೆರಿಕದವರು. ಜನರಲ್ ಮೋಟರ್ಸ್ ಕಂಪನಿಯ ಹೈಡ್ರಾಮ್ಯಾಟಿಕ್ ಅನ್ನುವ ನಾಲ್ಕು ಗೇರಿನ ಪೆಟ್ಟಿಗೆ 1939ರಲ್ಲಿ ಓಲ್ಡ್ಸ್‌ಮೊಬೈಲ್ ಕಾರಿಗೆ ಬಂತು. ಎರಡನೇ ಮಹಾಯುದ್ಧದಲ್ಲಿ ಅದೇ ಪೆಟ್ಟಿಗೆ ಎಂ5 ಸ್ಟುವರ್ಟ್ ಟ್ಯಾಂಕಿನೊಳಗೆ ಹೋಗಿ ಕೂತಿತು. 1963ರ ಮಾಡೆಲ್ಲಿನ ಜೀಪ್ ವ್ಯಾಗನಿಯರ್‌ನಲ್ಲಿ ಫೋರ್ ವೀಲ್ ಡ್ರೈವಿಗೂ ಆಟೊಮ್ಯಾಟಿಕ್ ಜೋಡಿಯಾಯಿತು. ಬ್ರಿಟನ್ನಿನ ರೇಂಜ್ ರೋವರ್ 1970ರಲ್ಲಿ ಹುಟ್ಟಿದರೂ ಅದಕ್ಕೆ ಕಂಪನಿಯ ಆಟೊಮ್ಯಾಟಿಕ್ ಸಿಕ್ಕಿದ್ದು 1982ರಲ್ಲಿ.

ನಮ್ಮಲ್ಲಿ? ನಮಗೆ ಜೀಪು ಅಂದರೆ ಕೈಯಲ್ಲಿ ಗೇರು. 1969ರ ‘ಆರಾಧನಾ’ದಲ್ಲಿ ಡಾರ್ಜಿಲಿಂಗಿನ ಪುಟ್ಟ ರೈಲಿನ ಪಕ್ಕ ತೆರೆದ ಜೀಪು ಓಡುತ್ತದಲ್ಲ, ಅದರಲ್ಲಿ ರಾಜೇಶ್ ಖನ್ನಾ ಆರಾಮಾಗಿ ಹಾಡಿದ. ಗೇರ್ ಹಾಕಿದ್ದು ಪಕ್ಕದಲ್ಲಿದ್ದ ಸುಜಿತ್ ಕುಮಾರ್! ಆ ಕಾಲದ ಜೀಪಿಗೆ ಮುಂದಕ್ಕೆ ಮೂರು ಗೇರು, ಪಕ್ಕದಲ್ಲಿ ಇನ್ನೂ ಎರಡು ಲಿವರು. ಒಂದು ಮುಂದಿನ ಗಾಲಿಗೆ ಶಕ್ತಿ ಕೊಡಲು, ಇನ್ನೊಂದು ಲೋ ರೇಂಜಿಗೆ. 1985ರ ಕೊನೆಗೆ ಬಂದ ಮಾರುತಿ ಜಿಪ್ಸಿಯೂ ಕೈಗೇರಿನದೇ. ಮಾವ ಕಲಿತದ್ದು ಇಂಥ ಗಾಡಿಗಳ ಮೇಲೆ. ಅವನಿಗೆ ಆಟೊಮ್ಯಾಟಿಕ್ ಅಂದರೆ ಪರಭಾಷೆಯ ಪಿಚ್ಚರ್ ನೋಡಿದಂತೆ. ಕತೆ ಗೊತ್ತಾಗುತ್ತದೆ, ಡೈಲಾಗು ಗೊತ್ತಾಗುವುದಿಲ್ಲ.

ಹೊರಟೆವು. ಊರು ದಾಟಿದರೂ ನಾಲ್ಕನೇ ಗೇರ್ ಬೀಳಲಿಲ್ಲ. “ನೋಡಲೇ, ದಿನಾ ಮುಂಜಾನಿ ಹಿಂಗ” ಎಂದ ಮಾವ. ಬರೆದುಕೊಂಡೆ. ಎಂಜಿನ್ ಕಾವಿನ ಮುಳ್ಳು ಮೇಲೇರಿದ ಮೇಲೆ ತಾನೇ ಬಿತ್ತು. ಇದು ರೋಗವಲ್ಲ, ಗುಣ. ಎಂಜಿನ್ ಕಾಯುವ ತನಕ ಓವರ್‌ಡ್ರೈವ್, ಅಂದರೆ ನಾಲ್ಕನೇ ಗೇರ್, ಬೀಳಬಾರದು ಅಂತ ಇಂಥ ಗಾಡಿಯಲ್ಲಿ ಒಂದು ತಡೆ ಇಟ್ಟಿರುತ್ತಾರೆ.

* * *

ಎರಡು ಫ್ಯಾನು, ಒಂದು ಹಗ್ಗ

ಕಲ್ಮಲಾ ದಾಟಿ ಗಬ್ಬೂರಿನ ದಾರಿ. ಎರಡೂ ಕಡೆ ಎರೆ ಭೂಮಿ, ಬಿತ್ತನೆಗೆ ಹಸನಾದ ಕಪ್ಪು ಹೊಲ. ಕೃಷ್ಣಾ, ತುಂಗಭದ್ರಾ ಎರಡು ನದಿಗಳ ನಡುವಿನ ಈ ದೋಆಬಿಗಾಗಿಯೇ 1520ರಲ್ಲಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೂ ಕಾದಾಡಿದರು. ಈಗ ಕಾದಾಡುವುದು ಟ್ರ್ಯಾಕ್ಟರಿನವರೂ ಟಂಟಂನವರೂ!

ಗಬ್ಬೂರಿನಲ್ಲಿ ಹಳೇ ಗುಡಿಗಳು, ಶಾಸನಗಳು ಬೇಕಾದಷ್ಟಿವೆ. ನಮಗೆ ಬೇಕಾದದ್ದು ಬಸ್ಸು ಹೋದ ಮೇಲೆ ಖಾಲಿಯಾಗುವ ನೆಟ್ಟನೆಯ ರಸ್ತೆ. ಅಲ್ಲಿ ಪರೀಕ್ಷೆ.

ಪರೀಕ್ಷೆಗೆ ಮುಂಚೆ ಪೆಟ್ಟಿಗೆಯ ಒಳಗೆ ಏನಿದೆ ನೋಡೋಣ. ಎದುರುಬದುರು ಎರಡು ಟೇಬಲ್ ಫ್ಯಾನ್ ಇಡಿ. ಒಂದಕ್ಕೆ ಮಾತ್ರ ಕರೆಂಟು ಕೊಡಿ. ಅದರ ಗಾಳಿಗೆ ಎರಡನೆಯದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ ತುಂಬಿ, ಎರಡನ್ನೂ ಒಂದೇ ಡಬ್ಬಿಯಲ್ಲಿ ಮುಚ್ಚಿದರೆ ಅದೇ ಟಾರ್ಕ್ ಕನ್ವರ್ಟರ್. ಕೈಗೇರಿನ ಗಾಡಿಯ ಕ್ಲಚ್ಚಿನ ಜಾಗದಲ್ಲಿ ಇದು. ಗಾಡಿ ನಿಂತಾಗ ಎಂಜಿನ್ ಆಫ್ ಆಗದೆ ಗುರ್ ಅನ್ನುತ್ತಾ ನಿಲ್ಲುವುದು ಇದರಿಂದಲೇ. ನಡುವೆ ಮೂರನೆಯ ಒಂದು ಚಕ್ರವಿದ್ದು ಎಣ್ಣೆಯ ದಿಕ್ಕು ತಿರುಗಿಸುವುದರಿಂದ, ಹೊರಡುವ ಗಳಿಗೆಯಲ್ಲಿ ಎಂಜಿನ್ನಿನ ಬಲ ಸುಮಾರು ಎರಡು ಪಟ್ಟಾಗುತ್ತದೆ. ಸನ್ನೆಗೋಲು!

ಎಣ್ಣೆಯಲ್ಲಿ ಜಾರುವ ಜೋಡಿಯಾದ್ದರಿಂದ ಎಂಜಿನ್ ಸೌಂಡೂ ಗಾಡಿ ಸ್ಪೀಡೂ ಕೈಗೇರಿನಷ್ಟು ಬಿಗಿಯಾಗಿ ಕೂಡಿ ಬರುವುದಿಲ್ಲ. ಮಾವನಿಗೆ “ಕ್ಲಚ್ ಹೋಗೈತಿ” ಅನಿಸುವುದು ಇಲ್ಲೇ. ಸ್ವಲ್ಪ ಜಾರುವುದು ಗುಣ. ಎಷ್ಟೋ ಗಾಡಿಗಳಲ್ಲಿ ಅರವತ್ತು ಎಪ್ಪತ್ತರ ಸ್ಪೀಡಿನಲ್ಲಿ ಎರಡೂ ಫ್ಯಾನು ಬೀಗ ಹಾಕಿದಂತೆ ಕೂಡಿಕೊಳ್ಳುತ್ತವೆ. ಆಗ ಎಂಜಿನ್ ಸೌಂಡು ಕೊಂಚ ಇಳಿದು, ಇಲ್ಲದ ಐದನೇ ಗೇರು ಬಿದ್ದಂತೆ ಅನಿಸುತ್ತದೆ. ಅದೂ ಗುಣವೇ.

ಈಗ ಅಸಲು ಪ್ರಶ್ನೆ. ಯಾವಾಗ ಗೇರ್ ಏರಿಸಬೇಕು ಅಂತ ಪೆಟ್ಟಿಗೆಗೆ ಹೇಳುವವರು ಯಾರು?

ಹಗ್ಗ ಜಗ್ಗಾಟ ನೋಡಿದ್ದೀರಲ್ಲ? ಒಂದು ಕಡೆ ಗಾಡಿಯ ವೇಗ, ಇನ್ನೊಂದು ಕಡೆ ಡ್ರೈವರನ ಕಾಲು. ವೇಗ ಹೆಚ್ಚಿದಂತೆ ಒಂದು ಕಡೆಯ ಎಣ್ಣೆಯ ಒತ್ತಡ ಏರುತ್ತದೆ. ಅದು “ಮೇಲಿನ ಗೇರಿಗೆ ಹೋಗು” ಎಂದು ಜಗ್ಗುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನೊಂದು ಕಡೆಯ ಒತ್ತಡ ಏರುತ್ತದೆ. ಅದು “ತಡಿ, ಇವನಿಗೆ ಇನ್ನೂ ಬಲ ಬೇಕು, ಕೆಳಗಿನ ಗೇರಲ್ಲೇ ಇರು” ಎಂದು ಜಗ್ಗುತ್ತದೆ. ನಡುವೆ ಬೆರಳು ಗಾತ್ರದ ವಾಲ್ವು. ಅದು ಯಾವ ಕಡೆ ಸರಿಯಿತೋ ಆ ಗೇರು.

ಹೀಗಾಗಿ ಹಗುರ ಕಾಲಿಟ್ಟರೆ ಗೇರ್ ಬೇಗ ಏರಬೇಕು, ಭಾರ ಕಾಲಿಟ್ಟರೆ ತಡವಾಗಿ ಏರಬೇಕು. ಪೂರ್ತಿ ಒತ್ತಿದರೆ ಏರಿದ ಗೇರೂ ಧಡಕ್ಕನೆ ಇಳಿದು ಎಂಜಿನ್ ಗರ್ಜಿಸಬೇಕು. ಇದಕ್ಕೆ ಕಿಕ್‌ಡೌನ್ ಅನ್ನುತ್ತಾರೆ. ಓವರ್‌ಟೇಕಿಗೆ ಇದೇ ಪ್ರಾಣ.

ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಎತ್ತುಗಳು ಟನ್ನುಗಟ್ಟಲೆ ಕಲ್ಲು ಎಳೆಯುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಬಾರುಕೋಲಿನ ಸದ್ದಾದರೆ ಎತ್ತು ಕಾಲು ಊರುತ್ತದೆ. ಸದ್ದೇ ಕೇಳದಿದ್ದರೆ?

ಮೂರು ಸಲ ಓಡಿಸಿದೆವು. ಹಗುರ ಕಾಲು: ಎರಡನೇ ಗೇರು 15ರ ಸ್ಪೀಡಿಗೆ. ಅರ್ಧ ಕಾಲು: 17ಕ್ಕೆ. ಪೂರ್ತಿ ಕಾಲು: 20ಕ್ಕೆ. ಪ್ರತಿ ಸಲವೂ ಗೇರ್ ಬೀಳುವಾಗ ಎಂಜಿನ್ ಒಂದು ಕ್ಷಣ ‘ಊಂ...’ ಎಂದು ಕೂಗಿ ಆಮೇಲೆ ಹಿಡಿಯುತ್ತಿತ್ತು. ಮೂರೂ ನೋಟ್‌ಬುಕ್ಕಿಗೆ ಹೋದವು. ಉತ್ತರ ಅಲ್ಲೇ ಇತ್ತು. ನನಗೆ ಕಾಣಲಿಲ್ಲ. ನಿಮಗೆ ಕಂಡಿತೇ? ಕಂಡಿದ್ದರೆ ಭೇಷ್!

* * *

ದೇವದುರ್ಗದ ಏರು

ದೇವದುರ್ಗ ಒಂದು ಕಾಲಕ್ಕೆ ಬೇಡ ಪಾಳೇಗಾರರ ಗಟ್ಟಿ ನೆಲೆ. ಕಲ್ಲುಗುಡ್ಡಗಳ ಸೀಮೆ. ಬಯಲು ಮುಗಿದು ರಸ್ತೆ ಏರು ಇಳುವು ಆಗುತ್ತಿದ್ದಂತೆ ಗಾಡಿಯ ನಾಟಕ ಶುರು. ನಾಲ್ಕನೇ ಗೇರ್ ಬೀಳುತ್ತದೆ, ಏದುಸಿರು ಬಿಡುತ್ತದೆ, ಮೂರಕ್ಕೆ ಇಳಿಯುತ್ತದೆ, ಸ್ವಲ್ಪ ಸ್ಪೀಡು ಬಂದರೆ ಮತ್ತೆ ನಾಲ್ಕು, ಮತ್ತೆ ಏದುಸಿರು. ಸೊಸೆ ತವರಿಗೂ ಗಂಡನ ಮನೆಗೂ ಓಡಾಡಿದ ಹಾಗೆ!

“ಇದ ನೋಡು, ಇದಕ್ಕ ಸಾವ್ಕಾರ್ರು ಬೈತಾರ” ಎಂದ ಮಾವ.

ಗೇರ್ ಲಿವರಿನ ಪಕ್ಕ ಒಂದು ಚಿಕ್ಕ ಬಟನ್ ಇತ್ತು. ಓವರ್‌ಡ್ರೈವ್ ಆಫ್. ಮೂರು ವರ್ಷದಲ್ಲಿ ಮಾವ ಅದನ್ನು ಮುಟ್ಟಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಒತ್ತಿದೆ. ಗಾಡಿ ಮೂರನೇ ಗೇರಲ್ಲಿ ಗಟ್ಟಿಯಾಗಿ ನಿಂತು ಏರು ಏರಿತು. ಓಡಾಟ ಬಂದ್.

ಏರು, ಭಾರ, ಎದುರುಗಾಳಿ ಇದ್ದಾಗ ಹೀಗೆ ಎರಡು ಗೇರುಗಳ ನಡುವೆ ತೂಗಾಡುವುದು ಹಳೇ ನಾಲ್ಕು ಗೇರಿನ ಪೆಟ್ಟಿಗೆಗಳ ಗುಣ. ಮುಂದಿನ ಏರು ಅದಕ್ಕೆ ಕಾಣುವುದಿಲ್ಲವಲ್ಲ. ಕಾಣುವುದು ಡ್ರೈವರನಿಗೆ. ಬಟನ್ ಇಟ್ಟಿರುವುದೇ ಅದಕ್ಕೆ. ತೂಗಾಡಲು ಬಿಟ್ಟರೆ ಎಣ್ಣೆ ಕಾಯುತ್ತದೆ, ಎಣ್ಣೆ ಕಾದರೆ ಒಳಗಿನ ಕ್ಲಚ್ ಪ್ಲೇಟುಗಳು ಸುಡುತ್ತವೆ. ಇಳುವಿನಲ್ಲಿಯೂ ಅಷ್ಟೇ. ಲಿವರ್ 2ಕ್ಕೋ ಎಲ್‌ಗೋ ಇಟ್ಟರೆ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ, ಬ್ರೇಕು ಸುಡುವುದಿಲ್ಲ.

ಒಂದು ಗುಣ ಗೊತ್ತಾಯಿತು ಅಂತ ಖುಷಿಪಡುತ್ತಿದ್ದಾಗಲೇ ರೋಗವೂ ಮುಖ ತೋರಿಸಿತು. ಏರಿನಲ್ಲಿ ಮುಂದೆ ಕಲ್ಲು ತುಂಬಿದ ಟ್ರ್ಯಾಕ್ಟರ್. ರಸ್ತೆ ಖಾಲಿ ಕಂಡು ಮಾವ ಬಲಕ್ಕೆ ತಂದು ಕಾಲನ್ನು ನೆಲಕ್ಕೆ ಒತ್ತಿದ. ಗೇರ್ ಇಳಿಯಬೇಕಿತ್ತು. ಇಳಿಯಲಿಲ್ಲ! ಟ್ರ್ಯಾಕ್ಟರಿನ ಪಕ್ಕದಲ್ಲೇ ಜೋತು ಬಿದ್ದೆವು. ಅಷ್ಟರಲ್ಲಿ ಏರಿನ ತುದಿಯಲ್ಲಿ ಬಸ್ಸಿನ ತಲೆ ಕಂಡಿತು. ಮಾವ ಬ್ರೇಕ್ ಹಾಕಿ ಮತ್ತೆ ಟ್ರ್ಯಾಕ್ಟರಿನ ಹಿಂದೆ ಸೇರಿಸಿದ. ಬಸ್ಸು ಭರ್ ಎಂದು ಹೋಯಿತು. ಕಂಡಕ್ಟರು ಏನೋ ಬೈದ.

ಸಿನಿಮಾದಲ್ಲಾದರೆ ಇಲ್ಲಿ ಇಂಟರ್ವಲ್. ನಾವು ದೇವದುರ್ಗದಲ್ಲಿ ಒಗ್ಗರಣಿ, ಮಿರ್ಚಿ ತಿಂದೆವು. ಮಾವನ ಕೈ ನಡುಗುತ್ತಿತ್ತು. “ಕೆಲಸದ್ದು ಬಿಡು ಅಳಿಯಾ. ಇದರಾಗ ಸಾವ್ಕಾರ್ರ ಮಕ್ಕಳು ಸಾಲಿಗೆ ಹೋಗ್ತಾವು” ಎಂದ. ನಾನು ಮಾತಾಡಲಿಲ್ಲ.

ಹೊರಡುವಾಗ ಬ್ಯಾಟರಿ ಕೈ ಕೊಟ್ಟಿತು. ಹೋಟೆಲಿನ ಹುಡುಗರು ಹುಮ್ಮಸ್ಸಿನಿಂದ ತಳ್ಳಲು ಬಂದರು. “ತಳ್ಳಬ್ಯಾಡ್ರಪಾ!” ಎಂದ ಮಾವ. ಇದೊಂದು ಅವನಿಗೆ ಗೊತ್ತಿತ್ತು. ಜೀಪನ್ನು ತಳ್ಳಿ ಸ್ಟಾರ್ಟ್ ಮಾಡಬಹುದು, ಇದನ್ನು ಆಗದು. ಎಣ್ಣೆಗೆ ಒತ್ತಡ ಕೊಡುವ ಪಂಪು ತಿರುಗುವುದು ಎಂಜಿನ್ನಿನಿಂದ. ಎಂಜಿನ್ ನಿಂತಾಗ ಒತ್ತಡವಿಲ್ಲ, ಒತ್ತಡವಿಲ್ಲದೆ ಗೇರ್ ಹಿಡಿಯುವುದಿಲ್ಲ. ಇದೇ ಕಾರಣಕ್ಕೆ ಇಂಥ ಗಾಡಿಯನ್ನು ಸುಮ್ಮನೆ ಹಗ್ಗ ಕಟ್ಟಿ ದೂರ ಎಳೆಯಲೂಬಾರದು. ಟ್ರ್ಯಾಕ್ಟರ್ ಬ್ಯಾಟರಿಯಿಂದ ವೈರ್ ಕೊಟ್ಟು ಹೊರಟೆವು.

* * *

ಕೆಸರಿನಲ್ಲಿ ಲೋ ರೇಂಜು

ಸಿರವಾರ ದಾಟಿ ಮಾನ್ವಿಯ ಕಡೆ. ಇದು ತುಂಗಭದ್ರಾ ಎಡದಂಡೆ ಕಾಲುವೆಯ ನಾಡು. ನೀರು ಬಿಟ್ಟಾಗ ಕಣ್ಣು ಹಾಯುವ ತನಕ ಭತ್ತದ ಹಸಿರು. ನಾವು ಹೋದಾಗ ಗದ್ದೆಗಳು ಕಾಲುವೆಯ ಕಡೆ ಬಾಯಿ ತೆರೆದು ಕೂತಿದ್ದವು. ದಾಸರ ನಾಡೂ ಹೌದು. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಇದೇ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲಿದೆ.

ಸಾವ್ಕಾರರ ಗದ್ದೆಗೆ ಹೋಗುವ ಬಂಡಿ ದಾರಿಯಲ್ಲಿ ಹಿಂದಿನ ರಾತ್ರಿ ಮಳೆಯಾಗಿತ್ತು. ಎರೆ ಮಣ್ಣಿನ ಕೆಸರು ಗೊತ್ತಲ್ಲ? ಚಪ್ಪಲಿಗೆ ಹತ್ತಿದರೆ ಒಂದೊಂದು ಕಾಲೂ ಒಂದೊಂದು ಕಿಲೋ! ಮಾವ ಗಾಡಿ ನಿಲ್ಲಿಸಿ ಚಿಕ್ಕ ಲಿವರನ್ನು ಎಳೆದು ಲೋ ರೇಂಜಿಗೆ ಹಾಕಿದ.

ಲೋ ರೇಂಜು ಅಂದರೆ ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಸನ್ನೆಗೋಲು. ಬಲ ಸುಮಾರು ಎರಡೂವರೆ ಪಟ್ಟು, ವೇಗ ಅಷ್ಟೇ ಪಟ್ಟು ಕಡಿಮೆ. ಗಾಡಿ ಹೊರಟು ಹತ್ತು ಮಾರು ಹೋಗುವಷ್ಟರಲ್ಲಿ ಎರಡನೇ ಗೇರು, ಇನ್ನಷ್ಟು ಹೋದರೆ ಮೂರು! “ನೋಡಲೇ, ಕೆಸರಿನ್ಯಾಗ ಯಾರರ ಮೂರು ಹಾಕ್ತಾರೇನು? ಇದಕ್ಕ ಹುಚ್ಚು!” ಎಂದ ಮಾವ.

ಹುಚ್ಚಲ್ಲ. ವೇಗ ಅಳೆಯುವ ಸಾಧನ ಇರುವುದು ಗೇರ್‌ಬಾಕ್ಸಿನಲ್ಲಿ, ಲೋ ರೇಂಜಿನ ಪೆಟ್ಟಿಗೆಗಿಂತ ಮುಂಚೆ. ಗಾಲಿ ನಿಧಾನವಾಗಿ ತಿರುಗುತ್ತಿದ್ದರೂ ಅದರ ಲೆಕ್ಕದಲ್ಲಿ ಗಾಡಿ ಜೋರಾಗಿ ಓಡುತ್ತಿದೆ. ರಸ್ತೆಯಲ್ಲಿ 40ರ ಸ್ಪೀಡಿಗೆ ಬೀಳುವ ಗೇರು ಇಲ್ಲಿ 16ಕ್ಕೇ ಬೀಳುತ್ತದೆ. ಇದು ಗುಣ. ಮದ್ದು ಡ್ರೈವರನ ಕೈಯಲ್ಲಿದೆ. ಕೆಸರಿಗೆ ಇಳಿಯುವ ಮುಂಚೆಯೇ ಲಿವರ್ ಎಲ್ ಅಥವಾ 2ಕ್ಕೆ ಇಟ್ಟುಬಿಡಬೇಕು. ನಡುದಾರಿಯಲ್ಲಿ ಗೇರ್ ಬದಲಾದರೆ ಎಳೆತ ತಪ್ಪಿ ಗಾಲಿ ಹೂತುಕೊಳ್ಳುತ್ತದೆ.

ಎಲ್‌ಗೆ ಹಾಕಿ ಹೋದೆವು. ಗಾಡಿ ಕೋಣದಂತೆ ತಲೆ ತಗ್ಗಿಸಿ ಕೆಸರು ದಾಟಿತು. ಮಾವನ ಮುಖದಲ್ಲಿ ಆ ದಿನದ ಮೊದಲ ನಗು.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಆ ಚಿಕ್ಕ ಲಿವರು ನಡುವೆ, ನ್ಯೂಟ್ರಲ್ಲಿನಲ್ಲಿ ನಿಂತರೆ ದೊಡ್ಡ ಲಿವರನ್ನು ಪಿ, ಅಂದರೆ ಪಾರ್ಕಿಂಗಿಗೆ ಹಾಕಿದರೂ ಗಾಡಿ ಉರುಳುತ್ತದೆ. ಹ್ಯಾಂಡ್‌ಬ್ರೇಕ್ ಮರೆಯಬೇಡಿ. ಇಂಥ ಹಳೇ ಗಾಡಿಗಳಲ್ಲಿ ಬಹಳಷ್ಟಕ್ಕೆ ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಬಾರದು. ತಿರುವಿನಲ್ಲಿ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಜಗಳ ಹತ್ತಿ, ಮಿಷನ್ನು ಬಿಗಿದುಕೊಳ್ಳುತ್ತದೆ.

* * *

ಉಸ್ತಾದ್ ಕೇಳಿದ ಎರಡು ಪ್ರಶ್ನೆ

ಮಾನ್ವಿಯಲ್ಲಿ ಮಾವನಿಗೆ ಗೊತ್ತಿದ್ದ ಒಬ್ಬ ಉಸ್ತಾದ್ ಇದ್ದರು. ತಗಡಿನ ಶೆಡ್ಡು, ಬೇವಿನ ಗಿಡ, ನೆರಳಲ್ಲಿ ಎರಡು ಟ್ರ್ಯಾಕ್ಟರು. ವಯಸ್ಸು ಅರವತ್ತರ ಮೇಲೆ. ಎಷ್ಟೋ ವರ್ಷ ಗಲ್ಫಿನಲ್ಲಿ ಇಂಥವೇ ಗಾಡಿಗಳ ಕೆಳಗೆ ಮಲಗಿ ದುಡಿದವರು.

ಗಾಡಿ ಬಿಸಿಯಿದ್ದದ್ದೇ ಒಳ್ಳೆಯದಾಯಿತು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಲಿವರನ್ನು ಎಲ್ಲ ಗೇರಿಗೂ ಒಮ್ಮೆ ಆಡಿಸಿ ಪಾರ್ಕಿಂಗಿಗೆ ತಂದು, ಆಮೇಲೆ ಗೇರ್ ಎಣ್ಣೆಯ ಕಡ್ಡಿ ಎಳೆದರು. ಹೆಚ್ಚಿನ ಆಟೊಮ್ಯಾಟಿಕ್ಕುಗಳಲ್ಲಿ ನೋಡುವ ಕ್ರಮ ಇದೇ. ತಣ್ಣಗಿದ್ದಾಗ ನೋಡಿ “ಕಡಿಮೆ ಐತಿ” ಅಂತ ಸುರಿದರೆ ಹೆಚ್ಚಾಗಿ ನೊರೆ ಬರುತ್ತದೆ, ಅದೂ ಕೇಡೇ. ಎಣ್ಣೆಯನ್ನು ಬಿಳಿ ಬಟ್ಟೆಗೆ ಒರೆಸಿ ಮೂಸಿದರು. ಕೆಂಪಿರಬೇಕಾದ್ದು ಕಂದಾಗಿತ್ತು. ತುಸು ಸುಟ್ಟ ವಾಸನೆ. ಲೋಹದ ಪುಡಿ ಇರಲಿಲ್ಲ.

“ಕಾಲು ಹಗೂರ ಇಟ್ರ ಎಷ್ಟಕ್ಕ ಗೇರ್ ಬೀಳ್ತೈತಿ, ಭಾರ ಇಟ್ರ ಎಷ್ಟಕ್ಕ?” ಎಂದರು.

ನೋಟ್‌ಬುಕ್ಕು ತೆಗೆದು ಓದಿದೆ. ಹದಿನೈದು, ಹದಿನೇಳು, ಇಪ್ಪತ್ತು.

ಉಸ್ತಾದ್ ನಕ್ಕರು. “ಡೀಸೆಲ್ ಪಂಪಿನ ಕೆಲಸ ಯಾವಾಗ ಮಾಡಿಸೀರಿ ಭಾಯ್?”

ಮಾವ ಬೆರಳು ಮಡಚಿ ಲೆಕ್ಕ ಹಾಕಿದ. ಎರಡು ತಿಂಗಳ ಹಿಂದೆ. ಸಾವ್ಕಾರರು ತಾವೇ ಕಳಿಸಿ ಮಾಡಿಸಿದ್ದರು.

ಉಸ್ತಾದ್ ಎಂಜಿನ್ ನಿಲ್ಲಿಸಿ, ಬಾನೆಟ್ ಒಳಗೆ ಬೆರಳಿಟ್ಟು ಒಂದು ತಂತಿ ತೋರಿಸಿದರು. ಪಂಪಿನ ಹತ್ತಿರ ಶುರುವಾಗಿ ಕೆಳಗೆ ಗೇರ್‌ಬಾಕ್ಸಿಗೆ ಹೋಗುವ ಸಣ್ಣ ಕೇಬಲ್. ಆಕ್ಸಿಲರೇಟರ್ ಎಷ್ಟು ಒತ್ತಿದ್ದಾರೆ ಅನ್ನುವ ಸುದ್ದಿ ಗೇರ್‌ಬಾಕ್ಸಿಗೆ ಮುಟ್ಟುವುದು ಅದರಿಂದಲೇ. ಪಂಪು ಬಿಚ್ಚಿ ಮತ್ತೆ ಕೂರಿಸುವಾಗ ಯಾರೋ ಅದರ ನಟ್ಟನ್ನು ತಪ್ಪು ಜಾಗದಲ್ಲಿ ಬಿಗಿದಿದ್ದರು. ತಂತಿ ಜೋತು ಬಿದ್ದಿತ್ತು. ಮಾವ ಕಾಲನ್ನು ನೆಲಕ್ಕೆ ಒತ್ತಿದರೂ ಗೇರ್‌ಬಾಕ್ಸಿಗೆ ತಲುಪುತ್ತಿದ್ದದ್ದು “ಹಗುರ ಕಾಲು” ಅನ್ನುವ ಸುದ್ದಿ!

ಹಗ್ಗ ಜಗ್ಗಾಟದಲ್ಲಿ ಒಂದು ತಂಡ ಕೈ ಬಿಟ್ಟಿತ್ತು. ಎಲ್ಲ ಗೇರೂ ಬೇಗ ಬೇಗ ಏರುತ್ತಿದ್ದದ್ದು ಅದಕ್ಕೇ. ಟ್ರ್ಯಾಕ್ಟರ್ ಪಕ್ಕ ಗೇರ್ ಇಳಿಯದಿದ್ದದ್ದೂ ಅದಕ್ಕೇ. ಅಷ್ಟೇ ಅಲ್ಲ, ಈ ಪದ್ಧತಿಯಲ್ಲಿ ಕ್ಲಚ್ ಪ್ಲೇಟುಗಳನ್ನು ಬಿಗಿ ಹಿಡಿಯುವ ಎಣ್ಣೆಯ ಒತ್ತಡವೂ ಅದೇ ಸುದ್ದಿಯ ಮೇಲೆ ನಿಂತಿದೆ. ಎಂಜಿನ್ ಪೂರಾ ಬಲ ಕೊಡುತ್ತಿದೆ, ಪ್ಲೇಟುಗಳು ಸಡಿಲ ಹಿಡಿದಿವೆ. ಜಾರದೆ ಇನ್ನೇನು? ಆ ‘ಊಂ...’ ಅನ್ನುವ ಕೂಗು ಅದೇ. ಎಣ್ಣೆ ಕಂದಾಗಿದ್ದೂ ಅದರಿಂದಲೇ. ತಂತಿ ಸಡಿಲಾಗದೆ ಅತಿ ಬಿಗಿಯಾಗಿದ್ದರೆ ಕತೆ ಉಲ್ಟಾ. ಗೇರ್ ತಡವಾಗಿ, ಧಡ್ ಅಂತ ಬೀಳುತ್ತಿತ್ತು.

12 ನಂಬರಿನ ಪಾನಾ. ಎರಡು ನಟ್ಟು. ನನ್ನನ್ನು ಒಳಗೆ ಕೂರಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಿಸಿ, ತಂತಿಯ ಗುರುತು ಸರಿ ಬರುವ ತನಕ ಹೊಂದಿಸಿ ಬಿಗಿದರು. ಹತ್ತು ನಿಮಿಷದ ಕೆಲಸ. ಆಮೇಲೆ ಕೆಳಗಿನ ಪ್ಯಾನಿನ ಎಣ್ಣೆ ಇಳಿಸಿ ಹೊಸದು ಹಾಕಿದರು. “ಅರ್ಧ ಎಣ್ಣಿ ಒಳಗ ಕನ್ವರ್ಟರ್‌ನ್ಯಾಗ ಉಳಿತೈತಿ. ಇನ್ನೆರಡು ಸಲ ಹಿಂಗ ಬದಲಿ ಮಾಡ್ರಿ. ಪ್ಲೇಟು ಸ್ವಲ್ಪ ಸುಟ್ಟಾವು. ಎಷ್ಟು ದಿನ ಬರ್ತಾವು ನಾ ಗ್ಯಾರಂಟಿ ಕೊಡೂದಿಲ್ಲ. ಆದ್ರ ಇವತ್ತು ಇಳಿಸೂ ಅಂಥಾದ್ದು ಏನಿಲ್ಲ” ಎಂದರು.

ಮಾವ ಬೇವಿನ ಗಿಡದ ಕೆಳಗೆ ಕೂತುಬಿಟ್ಟ. “ಎರಡು ನಟ್ಟು” ಎಂದ. ಇನ್ನೊಮ್ಮೆ ಅದೇ ಮಾತು: “ಬರೇ ಎರಡು ನಟ್ಟು.”

* * *

ನೀರಮಾನ್ವಿ ದಾಟಿ ರಾಯಚೂರಿನ ದಾರಿಯಲ್ಲಿ ಮತ್ತೆ ಮೂರು ಸಲ ಪರೀಕ್ಷೆ. ಹಗುರ ಕಾಲು 15. ಅರ್ಧ ಕಾಲು 30. ಪೂರ್ತಿ ಕಾಲು 45ರ ಹತ್ತಿರ! ಗೇರ್ ಬೀಳುವಾಗ ಕೂಗಿಲ್ಲ, ಮೆತ್ತಗೆ ಹಿಡಿಯುತ್ತದೆ. ಲಾರಿ ದಾಟುವಾಗ ಮಾವ ಕಾಲು ಒತ್ತಿದ. ಗೇರ್ ಇಳಿದು ಎಂಜಿನ್ ಗರ್ಜಿಸಿತು. ನನ್ನ ಬೆನ್ನು ಸೀಟಿಗೆ ಅಂಟಿತು. ಶಿಳ್ಳೆ ಹೊಡೆಯಬೇಕು ಅನಿಸಿತು, ಹೊಡೆದೇಬಿಟ್ಟೆ.

ಸೋಮವಾರ ಸಾವ್ಕಾರರು ತಾವೇ ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿ ಬಂದರು. ಇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾರ ತಪ್ಪು ಇದು?” ಎಂದು ಕೇಳಿದರು.

ಪಂಪು ಬಿಚ್ಚಿದವರ ಹೆಸರು ಮಾವನಿಗೆ ಗೊತ್ತಿತ್ತು. ಆದರೆ ಹೇಳಿದ್ದು, “ಒಂದು ನಟ್ಟಿಂದ್ರಿ” ಅಂತ ಅಷ್ಟೇ.

ಸಾವ್ಕಾರರು ಕ್ಷಮೆ ಕೇಳಲಿಲ್ಲ. ಬೀಗದ ಕೈ ಮಾವನ ಕೈಯಲ್ಲೇ ಬಿಟ್ಟು ಒಳಗೆ ಹೋದರು. ಬೇರೆ ಡ್ರೈವರ್ ಬರಲಿಲ್ಲ.

ಹಳೇ ಫೋರ್ ವೀಲ್ ಆಟೊಮ್ಯಾಟಿಕ್ ಕೊಳ್ಳುವ ಆಸೆಯುಳ್ಳ ಗೆಳೆಯರೇ, ನನ್ನ ನೋಟ್‌ಬುಕ್ಕಿನ ಕೊನೆಯ ಪುಟ ನಿಮಗೆ. ಮುಂಜಾನೆ ನಾಲ್ಕನೇ ಗೇರ್ ತಡವಾದರೆ, ಏರಿನಲ್ಲಿ ತೂಗಾಡಿದರೆ, ಲೋ ರೇಂಜಿನಲ್ಲಿ ಗೇರ್ ಬೇಗ ಏರಿದರೆ ಹೆದರಬೇಡಿ, ಅದು ಗುಣ. ಕಾಲಿನ ಭಾರಕ್ಕೆ ಗೇರ್ ಉತ್ತರ ಕೊಡದಿದ್ದರೆ, ಗೇರ್ ಬೀಳುವಾಗ ಎಂಜಿನ್ ಕೂಗಿದರೆ, ಡಿ, ಅಂದರೆ ಡ್ರೈವಿಗೆ ಹಾಕಿ ಎರಡು ಮೂರು ಸೆಕೆಂಡಾದರೂ ಗಾಡಿ ಹಿಡಿಯದಿದ್ದರೆ, ಎಣ್ಣೆ ಸುಟ್ಟ ವಾಸನೆ ಬಂದರೆ ಅದು ರೋಗ. ರೋಗವಾದರೂ ಮೊದಲು ಎಣ್ಣೆ ನೋಡಿ, ತಂತಿ ನೋಡಿ. ಆಮೇಲೆ ಗೇರ್‌ಬಾಕ್ಸ್ ಇಳಿಸುವ ಮಾತು. ಡ್ರೈವರನನ್ನು ಇಳಿಸುವ ಮಾತು ಅದಕ್ಕೂ ಆಮೇಲೆ!

ಮೊನ್ನೆ ಮಾವನೂ ನಾನೂ ಪಿಚ್ಚರಿಗೆ ಹೋಗಿದ್ದೆವು. ಚೇಸಿಂಗ್ ಸೀನು. ಹೀರೋ ಐದನೇ ಸಲ ಗೇರ್ ಏರಿಸಿದಾಗ ಮಾವ ಕತ್ತಲಲ್ಲಿ ನನ್ನ ಕಿವಿಗೆ ಬಗ್ಗಿ ಕೇಳಿದ: “ಅಳಿಯಾ, ಇದು ಗುಣನೋ, ರೋಗನೋ?”